ಇದು ಯಾರ ನಾಯಿ?

ವಿಡಿಯೋ ನೋಡೋಕೆ ಟೈಮಿಲ್ಲ, ಆಫೀಸ್ ಬಸ್ಸಲ್ಲಿ ಕೂತ್ಕೊಂಡು ಓದ್ತೀವಿ ಅನ್ನುವವರಿಗಾಗಿ ಎಂದಿನ ಹಾಗೆ ಮಾತನ್ನು ಬರಹಕ್ಕೆ ಇಳಿಸಿದ್ದೇನೆ. ಮಾತಾಡುವಾಗ ಒಂದೆರಡು ಕಡೆ ಹಿಂದೆಮುಂದೆ ಆಗಿತ್ತು, ಅದನ್ನು ಇಲ್ಲಿ ಸರಿಮಾಡಿದ್ದೇನೆ.

ಈ ಸಲದ ವಿಷಯ ನಾಯಿ. ನಗಬೇಡಿ, ಇತಿಹಾಸದ ವಿಷಯವೇ.

ಶುರುವಾಗಿದ್ದು ನಮ್ಮ ಸೊಸೈಟಿಯಲ್ಲಿ. ನಾನಿರೋದು ಪುಣೆಯಲ್ಲಿ, ಬಾಡಿಗೆ ಫ್ಲ್ಯಾಟು. ಕಳೆದ ವರ್ಷ ಮಳೆಗಾಲದಲ್ಲಿ ನಮ್ಮ ಎದುರುಮನೆಯ ಏಳು ವರ್ಷದ ಹುಡುಗಿಗೆ ಗೇಟಿನ ಹತ್ತಿರ ನಾಯಿ ಕಚ್ಚಿತು. ಮೀನಖಂಡಕ್ಕೆ, ಆಳವಾಗಿ. ಅವರಪ್ಪ ಆಫೀಸಿನಲ್ಲಿದ್ದರು. ಅವಳನ್ನೂ ಅವಳ ಅಮ್ಮನನ್ನೂ ನಾನೇ ಕಾರಿನಲ್ಲಿ ಕರಕೊಂಡು ಹೋದೆ. ಮೊದಲು ಹೋದ ಆಸ್ಪತ್ರೆಯಲ್ಲಿ ಲಸಿಕೆ ಇತ್ತು, ಆದರೆ ಗಾಯದ ಸುತ್ತ ಚುಚ್ಚುವ ಇಮ್ಯುನೊಗ್ಲೋಬ್ಯುಲಿನ್ ಇರಲಿಲ್ಲ. ಅದಿಲ್ಲದೆ ಆಗಲ್ಲ, ಬೇರೆ ಕಡೆ ಹೋಗಿ ಅಂದರು. ಎರಡನೇ ಆಸ್ಪತ್ರೆಗೆ ಹೋಗುವ ಆ ನಲವತ್ತು ನಿಮಿಷ, ಟ್ರಾಫಿಕ್ಕಿನಲ್ಲಿ, ಹಿಂದಿನ ಸೀಟಿನಲ್ಲಿ ಆ ಮಗು ಅಳೋದನ್ನು ನಿಲ್ಲಿಸಿ ಸುಮ್ಮನಾಗಿಬಿಟ್ಟಿತ್ತಲ್ಲ, ಅದು ನನಗೆ ಅಳುವುದಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

ಭಾನುವಾರ ಮೀಟಿಂಗು. ಒಬ್ಬರು ಸುಪ್ರೀಂ ಕೋರ್ಟಿನ ಆಗಸ್ಟ್ 11ರ ಆದೇಶದ ಸುದ್ದಿಯನ್ನು ಪ್ರಿಂಟ್ ತೆಗೆಸಿ ತಂದಿದ್ದರು. ದೆಹಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಶೆಲ್ಟರಿಗೆ ಹಾಕಿ ಅಂದಿತ್ತಲ್ಲ, ಅದು. ಇನ್ನೊಬ್ಬರು ಆಗಸ್ಟ್ 22ರದ್ದನ್ನು ತಂದಿದ್ದರು. ಆಪರೇಷನ್, ಲಸಿಕೆ ಮಾಡಿಸಿ, ಹುಚ್ಚು ಹಿಡಿದವು ಮತ್ತು ಮೇಲೆ ಬೀಳುವ ಸ್ವಭಾವದವನ್ನು ಬಿಟ್ಟು ಉಳಿದವನ್ನು ಅದೇ ಜಾಗಕ್ಕೆ ಬಿಡಿ ಅಂತ ತಿದ್ದಿದ್ದು. ಇಬ್ಬರೂ ಕಾಗದ ಆಡಿಸುತ್ತಾ ಕೂಗಾಡುತ್ತಿದ್ದಾಗ ಸೆಕ್ರೆಟರಿ ಮೇಜು ತಟ್ಟಿ ಒಂದೇ ಪ್ರಶ್ನೆ ಕೇಳಿದರು: 'ಮೊದಲು ಹೇಳಿ, ಇದು ಯಾರ ನಾಯಿ?'

ಯಾರೂ ಬಾಯಿ ಬಿಡಲಿಲ್ಲ. ಎಲ್ಲರ ಕಣ್ಣೂ ವಾಚ್‌ಮನ್ ಕಡೆ ತಿರುಗಿತು. ಆತ ನಮ್ಮ ಕಲಬುರಗಿ ಕಡೆಯವನು, ಅಫಜಲಪುರ ತಾಲೂಕು. ಆ ನಾಯಿಗೆ ದಿನಾ ರೊಟ್ಟಿ ಹಾಕುತ್ತಿದ್ದವನು ಆತನೇ. ಆಮೇಲೆ ನನ್ನ ಹತ್ತಿರ ಬಂದು, 'ಗಾಣಗಾಪುರ ದತ್ತನ ಫೋಟೋದಾಗ ನಾಕು ನಾಯಿ ಅದಾವಲ್ರೀ ಸರ್, ರೊಟ್ಟಿ ಹಾಕೂದು ಹೆಂಗ ಬಿಡ್ಲಿ? ಹಂಗಂತ ನಂದು ಅಂದ್ರ ನೌಕ್ರಿ ಹೋಗ್ತದ' ಅಂದ. 

ಆ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಯಾಕೆಂದರೆ ಒಂದು ಸಾವಿರ ವರ್ಷಕ್ಕೂ ಹಿಂದೆ, ನಮ್ಮೂರಿನಿಂದ ಅಷ್ಟೇನೂ ದೂರವಿಲ್ಲದ ಒಂದು ಕಡೆ ಇದೇ ಪ್ರಶ್ನೆಗೆ ಕಲ್ಲಿನಲ್ಲಿ ಉತ್ತರ ಬರೆದಿಟ್ಟಿದ್ದಾರೆ.

ಮಂಡ್ಯ ಜಿಲ್ಲೆ, ಮದ್ದೂರು ತಾಲೂಕು, ಆತಕೂರು. ಅಲ್ಲಿ ಸಿಕ್ಕ ಶಾಸನದ ಕಾಲ ಕ್ರಿ.ಶ. 949-50. ಹಳಗನ್ನಡ. ಈಗ ಆ ಕಲ್ಲು ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನ ಸಂಗ್ರಹದಲ್ಲಿದೆ. ಇತಿಹಾಸ ಪುಸ್ತಕಗಳಲ್ಲಿ ಇದು ಬರೋದು ತಕ್ಕೋಲಂ ಯುದ್ಧದ ಆಧಾರವಾಗಿ. ರಾಷ್ಟ್ರಕೂಟರ ಮೂರನೇ ಕೃಷ್ಣ, ಅವನ ಜೊತೆ ಗಂಗರ ಇಮ್ಮಡಿ ಬೂತುಗ, ಎದುರಿಗೆ ಚೋಳರ ರಾಜಾದಿತ್ಯ. ಯುದ್ಧದಲ್ಲಿ ರಾಜಾದಿತ್ಯ ಸತ್ತ. ಚೆನ್ನೈನಲ್ಲಿರುವವರಿಗೆ ತಕ್ಕೋಲಂ ಅಂದರೆ ಅರಕ್ಕೋಣದ ಹತ್ತಿರದ ಊರು. ಸರಿ, ಇಷ್ಟು ಹೇಳಿ ಪುಸ್ತಕಗಳು ಮುಂದಕ್ಕೆ ಹೋಗುತ್ತವೆ. 'ಇದರಲ್ಲಿ ಒಂದು ನಾಯಿಯ ಪ್ರಸ್ತಾಪವೂ ಇದೆ' ಅಂತ ಕೊನೆಗೊಂದು ಸಾಲು.

ನನ್ನ ಪ್ರಕಾರ ಇದು ತಿರುವುಮುರುವು. ಆ ಕಲ್ಲನ್ನು ನೆಟ್ಟಿದ್ದೇ ನಾಯಿಗಾಗಿ. ಯುದ್ಧ ಅಲ್ಲಿ ಪೀಠಿಕೆ.

ಕಥೆ ಹೀಗಿದೆ. ಬೂತುಗನ ಕಡೆ ಮಣಲೆರ ಅಂತ ಒಬ್ಬ ವೀರ. ಚೋಳರ ಮೇಲಿನ ಯುದ್ಧದಲ್ಲಿ ಚೆನ್ನಾಗಿ ಕಾದಿದ. ಅರಸ ಮೆಚ್ಚಿ ಏನು ಬೇಕೋ ಕೇಳು ಅಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೆರ ಕೇಳಿದ್ದು ಅರಸನ ಬೇಟೆನಾಯಿಯನ್ನು. ಅದರ ಹೆಸರು ಕಾಳಿ. ಬೂತುಗ ಕೊಟ್ಟ. ಆಮೇಲೆ ಕೆಳಲೆನಾಡಿನ ಒಂದು ಬೆಟ್ಟದ ಹತ್ತಿರ ದೊಡ್ಡ ಕಾಡುಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ನಾಯಿ, ಹಂದಿ ಎರಡೂ ಕಾದಾಡಿ ಎರಡೂ ಸತ್ತವು. ಕಲ್ಲಿನ ಮೇಲ್ಭಾಗದಲ್ಲಿ ಆ ಕಾದಾಟವನ್ನೇ ಕೆತ್ತಿದ್ದಾರೆ. ವೀರಗಲ್ಲುಗಳಲ್ಲಿ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವ ಚಿತ್ರ ನೋಡಿರ್ತೀರಿ. ಇಲ್ಲಿ ಅಂಥದ್ದಿಲ್ಲ. ಒಂದು ನಾಯಿ, ಒಂದು ಹಂದಿ, ಅಷ್ಟೇ.

(ಕಾಳಿ ಮುಧೋಳ ತಳಿಯ ನಾಯಿ ಅಂತ ಒಂದು ಫಾರ್ವರ್ಡ್ ಓಡಾಡುತ್ತಿದೆ. ಶಾಸನದಲ್ಲಿ ತಳಿಯ ಮಾತೇ ಇಲ್ಲ. ಮುಧೋಳ ನಾಯಿಯ ಬಗ್ಗೆ ಹೆಮ್ಮೆ ಪಡೋಕೆ ಬೇರೆ ಕಾರಣಗಳು ಬೇಕಾದಷ್ಟಿವೆ, ಇದನ್ನು ಬಿಟ್ಟುಬಿಡಿ.)

ನನಗೆ ಮುಖ್ಯ ಅನಿಸೋದು ಸಾವಿನ ನಂತರದ ಭಾಗ. ಆತಕೂರಿನ ಚಲ್ಲೇಶ್ವರ ದೇವಸ್ಥಾನದ ಮುಂದೆ ಕಲ್ಲು ನೆಟ್ಟರು. ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗದ ಗದ್ದೆ ಬಿಟ್ಟರು. ಖಂಡುಗದ ಲೆಕ್ಕ ನಮ್ಮ ಕಡೆ ಹಳಬರಿಗೆ ಈಗಲೂ ಬಾಯಲ್ಲಿದೆ. ಆ ಗದ್ದೆಯ ಮೇಲೆ ಕೈ ಹಾಕಿದವನಿಗೆ ಪಾಪ ಅಂತ ಬರೆದರು. ಅಷ್ಟಕ್ಕೇ ಬಿಡಲಿಲ್ಲ. ಅಲ್ಲಿನ ಪೂಜೆಯ ಗೊರವ, ಅಂದರೆ ಶೈವ ಅರ್ಚಕ, ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ಅಂತ ಷರತ್ತು ಹಾಕಿದರು.

ನಾಯಿ ಮಾಡಿದ ಪಾಪ! ಶಾಸನಗಳ ಶಾಪಾಶಯದಲ್ಲಿ ಸಾಮಾನ್ಯವಾಗಿ ಬರೋದು ವಾರಣಾಸಿಯಲ್ಲಿ ಕವಿಲೆ ಹಸುಗಳನ್ನು ಕೊಂದ ಪಾಪ. ಇಲ್ಲಿ ಯಾರೋ ಕೂತು ಈ ಸಂದರ್ಭಕ್ಕೇ ತಕ್ಕದ್ದನ್ನು ಯೋಚಿಸಿದ್ದಾರೆ. ನಾಯಿ ಅಂಥ ಪಾಪ ಏನು ಮಾಡಿರುತ್ತೆ ಅಂತ ನಾನು ಬಹಳ ಸಲ ತಲೆ ಕೆರೆದುಕೊಂಡಿದ್ದೇನೆ. ಬೇಟೆಯಲ್ಲಿ ಕೊಂದದ್ದೇ ಇರಬಹುದು. ಅದಿರಲಿ. ಒಂದು ನಾಯಿಗೆ ಹೆಸರು, ಹಿಂದಿನ ಒಡೆಯ, ಈಗಿನ ಒಡೆಯ, ಅದರ ಹೆಸರಿನಲ್ಲಿ ಇಷ್ಟು ಗದ್ದೆ, ನೋಡಿಕೊಳ್ಳೋನು ಯಾರು, ನೋಡಿಕೊಳ್ಳದಿದ್ದರೆ ಏನು, ಎಲ್ಲ ಒಂದೇ ಕಲ್ಲಿನಲ್ಲಿ. ನಮ್ಮ ಸೊಸೈಟಿಯ ಬೈಲಾದಲ್ಲಿ ಇದರ ಅರ್ಧ ಸ್ಪಷ್ಟತೆ ಇಲ್ಲ.

ಹೋದ ವರ್ಷ ಬೆಂಗಳೂರಿನ ಪಾಲಿಕೆ ಸುಮಾರು 5,000 ಬೀದಿನಾಯಿಗಳಿಗೆ ಚಿಕನ್ ರೈಸ್ ಹಾಕೋಕೆ 2.88 ಕೋಟಿ ರೂಪಾಯಿಯ ಯೋಜನೆ ಮಾಡಿತು ಅಂತ ನಮ್ಮ ಗ್ರೂಪುಗಳಲ್ಲಿ ಎಷ್ಟು ಮೀಮು ಬಂದವು! ನಾನೂ ಒಂದೆರಡು ಕಳಿಸಿದ್ದೆ. ಆತಕೂರಿನ ಗದ್ದೆ ಕಲ್ಲಿನ ಪೂಜೆಗೆ, ನಾಯಿಗಳ ಊಟಕ್ಕಲ್ಲ, ಅದು ಬೇರೆ ಮಾತು. ಆದರೂ ನಾಯಿಯ ಲೆಕ್ಕದಲ್ಲಿ ಸಾರ್ವಜನಿಕ ಖರ್ಚು ಹಾಕೋದು ನಮ್ಮ ಕಡೆ ಹೊಸದೇನಲ್ಲ ಅಂತ ಗೊತ್ತಾದ ಮೇಲೆ ಮೀಮು ಕಳಿಸೋದು ನಿಲ್ಲಿಸಿದೆ.

ಆತಕೂರು ಒಂದೇ ಅಲ್ಲ. ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯ ಎಡುತ್ತನೂರಿನಲ್ಲಿ ಇದಕ್ಕಿಂತ ಮುನ್ನೂರು ವರ್ಷ ಹಳೆಯ, ಪಲ್ಲವರ ಮಹೇಂದ್ರವರ್ಮನ ಕಾಲದ ವೀರಗಲ್ಲಿದೆ. ದನ ಬಿಡಿಸಿಕೊಳ್ಳುವ ಹೋರಾಟದಲ್ಲಿ ಒಬ್ಬ ಸತ್ತ, ಅವನ ನಾಯಿ ಕೋವಿವನ್ ಇಬ್ಬರು ಕಳ್ಳರನ್ನು ಕಚ್ಚಿ ಹಿಡಿಯಿತು. ಕಲ್ಲಿನಲ್ಲಿ ಅವನ ಪಕ್ಕದಲ್ಲೇ ನಾಯಿ ನಿಂತಿದೆ, ಹೆಸರು ಸಮೇತ.

ಈಗ ಪುಣೆಗೆ ವಾಪಸ್ ಬರೋಣ, ಆ 'ಗೊರವ' ಅನ್ನೋ ಶಬ್ದವನ್ನು ಹಿಡಿದುಕೊಂಡೇ. ಹತ್ತನೇ ಶತಮಾನದ ಗೊರವನಿಗೂ ಈಗಿನ ಮೈಲಾರಲಿಂಗನ ಗೊರವಪ್ಪಗಳಿಗೂ ನೇರ ವಂಶದ ಗೆರೆ ಎಳೆಯೋಕೆ ನಾನು ಹೋಗಲ್ಲ. ಶಬ್ದ ಉಳಿದಿದೆ, ಶಿವನ ನಂಟು ಉಳಿದಿದೆ, ಅಷ್ಟು ಸಾಕು. ಹೂವಿನಹಡಗಲಿ ತಾಲೂಕಿನ ಮೈಲಾರದ ಕಾರ್ಣಿಕ ಟಿವಿಯಲ್ಲಿ ಬರುತ್ತೆ, ಎಲ್ಲರಿಗೂ ಗೊತ್ತು. ದೋಣಿ ಸೇವೆ ಗೊತ್ತಿರೋರು ಕಡಿಮೆ. ಭಕ್ತರು ಹಾಲು, ತುಪ್ಪ, ಬಾಳೆಹಣ್ಣು, ಬೆಲ್ಲ ತಂದು ಗೊರವರ ದೋಣಿಗಳಿಗೆ ಹಾಕುತ್ತಾರೆ. ಕರಿ ಕಂಬಳಿಯ ಗೊರವರು ನಾಯಿಗಳ ಹಾಗೆ ಬೊಗಳುತ್ತಾ, ಗುರುಗುಟ್ಟುತ್ತಾ, ಒಬ್ಬರನ್ನೊಬ್ಬರು ದೂಡುತ್ತಾ ಅದಕ್ಕೆ ಬಾಯಿ ಹಾಕುತ್ತಾರೆ. ಆ ಹೊತ್ತಿಗೆ ಅವರು ಮೈಲಾರನ ನಾಯಿಗಳು. ಪುಣೆಯಿಂದ ಐವತ್ತು ಕಿಲೋಮೀಟರ್ ಆಚೆ ಜೇಜೂರಿಯಲ್ಲಿ ಇದೇ ದೇವರು ಖಂಡೋಬ. ಅಲ್ಲಿನ ವಾಘ್ಯಾಗಳೂ ದೇವರ ನಾಯಿಗಳೇ, ಅವರೂ ಬೊಗಳುತ್ತಾರೆ. ವೀಕೆಂಡಿಗೆ ಜೇಜೂರಿಗೆ ಹೋಗಿ ಭಂಡಾರದ ಹಳದಿಯಲ್ಲಿ ಫೋಟೋ ತೆಗೆಸಿಕೊಳ್ಳುವ ನಮ್ಮ ಕನ್ನಡದ ಹುಡುಗರಿಗೆ ಇದು ನಮ್ಮ ಮೈಲಾರನೇ ಅಂತ ಹೇಳಿದರೆ ಒಂದು ನಿಮಿಷ ಸುಮ್ಮನಾಗುತ್ತಾರೆ.

ಗಮನಿಸಿ, ಇಲ್ಲಿ ನಾಯಿ ಅನ್ನೋದು ಬೈಗುಳವಲ್ಲ, ಹುದ್ದೆ. ಅದೇ ಭಾಷೆಯಲ್ಲಿ 'ನಾಯಿಪಾಡು' ಅಂತೀವಿ, ಯಾರನ್ನಾದರೂ ಕಡೆಗಣಿಸಬೇಕಾದರೆ 'ನಾಯಿ ಥರ ನೋಡಿದ' ಅಂತೀವಿ. ಆದರೆ ದೇವರ ಬಾಗಿಲಲ್ಲಿ ಕಾಯುವವನು ನಾಯಿ ಅನ್ನಿಸಿಕೊಳ್ಳೋದರಲ್ಲಿ ಅವಮಾನ ಇಲ್ಲ, ಯಾಕೆಂದರೆ ಅವನು ಯಾರವನು ಅನ್ನೋದು ಇತ್ಯರ್ಥವಾಗಿದೆ.

ಹಾಗಂತ ಹಳೆಯ ಕಾಲ ದಯಾಮಯವಾಗಿತ್ತು ಅಂತ ಹೇಳ್ತಿದ್ದೀನಿ ಅಂದ್ಕೋಬೇಡಿ. ನಮ್ಮಜ್ಜಿ ದಿನಾ ರಾತ್ರಿ ಉಳಿದ ಮುದ್ದೆಯನ್ನು ಜಗಲಿಯ ಕೆಳಗೆ ಹಾಕೋರು. ಆ ಬೀದಿಯ ನಾಯಿಗೆ ಆರು ಮನೆ ಸೇರಿ ಒಂದು ಮನೆ. ಅದೇ ಬೀದಿಯಲ್ಲಿ ಬೇಡದ ಮರಿಗಳನ್ನು ಗೋಣಿಚೀಲದಲ್ಲಿ ಕಟ್ಟಿ ನಾಲೆಗೆ ಬಿಟ್ಟಿದ್ದನ್ನೂ ನೋಡಿದ್ದೇನೆ. ಇನ್ನೂ ಕಹಿಯಾದ ಮಾತೊಂದಿದೆ. ಆ ನಾಯಿ ಸಲೀಸಾಗಿ ಓಡಾಡುತ್ತಿದ್ದ ಬೀದಿಯಲ್ಲಿ, ಅಜ್ಜಿಯ ಕಾಲದಲ್ಲಿ, ಕೆಲವರು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ನಡೀಬೇಕಿತ್ತು. 1927ರ ಮಾರ್ಚ್ 20ರಂದು ಅಂಬೇಡ್ಕರ್ ಅವರು ಮಹಾಡಿನ ಚವದಾರ್ ಕೆರೆಗೆ ಸಾವಿರಾರು ಜನರ ಜೊತೆ ನಡೆದುಹೋಗಿ ನೀರು ಕುಡಿದರು. ಆ ಕೆರೆಯಲ್ಲಿ ಪ್ರಾಣಿಗಳು ನೀರು ಕುಡಿಯೋಕೆ ಯಾರ ಅಡ್ಡಿಯೂ ಇರಲಿಲ್ಲ. ಮಹಾಡ್ ಪುಣೆಯಿಂದ ಘಟ್ಟ ಇಳಿದರೆ ಸಿಗುತ್ತೆ. ನಾಯಿಯ ಕರುಣೆಯ ಕಥೆ ಹೇಳುವಾಗಲೆಲ್ಲ ಈ ಕೆರೆಯನ್ನು ಪಕ್ಕದಲ್ಲಿಟ್ಟುಕೊಂಡೇ ಹೇಳಬೇಕು ಅಂತ ನಾನು ನಂಬಿದ್ದೇನೆ. ಬೀದಿಗೆ ನಾಯಿ ಸೇರಿತ್ತು ಅಂದರೆ ಬೀದಿ ಎಲ್ಲರದ್ದಾಗಿತ್ತು ಅಂತ ಅರ್ಥವಲ್ಲ.

ಇನ್ನು ಮುಂಬೈ. ನಮ್ಮ ಸೆಕ್ರೆಟರಿಯ ಪ್ರಶ್ನೆ, ಅಂದರೆ ಒಡೆಯನಿಲ್ಲದ ನಾಯಿಯನ್ನು ಏನು ಮಾಡೋದು ಅನ್ನೋದು, ಈ ದೇಶದಲ್ಲಿ ಒಂದು ದೊಡ್ಡ ಬೀದಿ ಜಗಳವಾಗಿದ್ದು ಅಲ್ಲೇ, 1832ರಲ್ಲಿ.

ಆಗಿನ ಬಾಂಬೆಯಲ್ಲಿ ಕಂಪನಿ ಸರ್ಕಾರ. ಬೇಸಿಗೆಯಲ್ಲಿ ನಾಯಿಗೆ ಹುಚ್ಚು ಹಿಡಿಯುತ್ತೆ ಅನ್ನೋದು ಯುರೋಪಿನವರ ನಂಬಿಕೆ. ಹಾಗಾಗಿ ಬೇಸಿಗೆಯ ಇಂತಿಷ್ಟು ದಿನ ಬೀದಿಯ ನಾಯಿಗಳನ್ನು ಕೊಲ್ಲಬಹುದು ಅಂತ ನಿಯಮ. ಆ ವರ್ಷ ಅವಧಿಯನ್ನು ಜೂನ್ ಮಧ್ಯದವರೆಗೆ ಎಳೆದರು. ನಾಯಿಯೊಂದಕ್ಕೆ ಎಂಟಾಣೆ ಇನಾಮು. ಎಂಟಾಣೆ ಸಿಗುತ್ತೆ ಅಂದಮೇಲೆ ಏನಾಗುತ್ತೆ ಹೇಳಿ? ಟಾರ್ಗೆಟ್ ಇಟ್ಟು ಇನ್ಸೆಂಟಿವ್ ಕೊಟ್ಟರೆ ಏನಾಗುತ್ತೆ ಅನ್ನೋದು ನಮ್ಮ ಕೆಲಸದವರಿಗೆ ಬಿಡಿಸಿ ಹೇಳಬೇಕಿಲ್ಲ. ನಾಯಿ ಹಿಡಿಯೋರು ಮನೆಗಳಿಗೇ ನುಗ್ಗಿ ಸಾಕಿದ ನಾಯಿಗಳನ್ನೂ ಎಳೆದೊಯ್ಯತೊಡಗಿದರು.

ಪಾರ್ಸಿಗಳಿಗೆ ಇದು ಸಹಿಸುವ ಮಾತಾಗಿರಲಿಲ್ಲ. ಅವರ ಧರ್ಮದಲ್ಲಿ ನಾಯಿಗೆ ಒಂದು ಕೆಲಸ ಇದೆ. ಯಾರಾದರೂ ಸತ್ತಾಗ ಹೆಣದ ಮುಂದೆ ನಾಯಿಯನ್ನು ತಂದು ನೋಡಿಸಬೇಕು. ಆ ವಿಧಿಯ ಹೆಸರು ಸಗ್‌ದೀದ್, ನಾಯಿಯ ನೋಟ ಅಂತ ಅರ್ಥ. ಕಣ್ಣಿನ ಮೇಲೆ ಎರಡು ಚುಕ್ಕೆ ಇರುವ 'ನಾಲ್ಕು ಕಣ್ಣಿನ' ನಾಯಿ ಅದಕ್ಕೆ ಶ್ರೇಷ್ಠ. ಅಂದರೆ ಎಂಟಾಣೆಗೆ ದೊಣ್ಣೆಯೇಟು ತಿನ್ನುತ್ತಿದ್ದದ್ದು ಅವರ ಪಾಲಿಗೆ ಬರೀ ಬೀದಿನಾಯಿ ಅಲ್ಲ.

ಜೂನ್ 6ರಂದು ಕೋಟೆಯ ಒಳಗೆ ಪಾರ್ಸಿಗಳ ಗುಂಪು ನಾಯಿ ಹಿಡಿಯುತ್ತಿದ್ದ ಯುರೋಪಿಯನ್ ಕಾನ್‌ಸ್ಟೇಬಲ್‌ಗಳ ಮೇಲೆ ಬಿತ್ತು. ಮರುದಿನ ಅಂಗಡಿಗಳು ಮುಚ್ಚಿದವು. ಹಿಂದೂ, ಜೈನ ವ್ಯಾಪಾರಿಗಳೂ ಜೊತೆಗೆ ಸೇರಿದರು. ಕೊಲಾಬಾದ ಸೈನ್ಯಕ್ಕೆ ಹೋಗುವ ಆಹಾರದ ಸರಬರಾಜನ್ನು ತಡೆದರು. ಆಗ ಸರ್ಕಾರಕ್ಕೆ ಬಿಸಿ ತಟ್ಟಿತು. ಸೈನ್ಯ ಬಂತು, ಬಂಧನಗಳಾದವು, ಶಿಕ್ಷೆಯೂ ಆಯಿತು. ಆದರೆ ಕೊನೆಗೆ ಕೊಲ್ಲುವ ಬದಲು ಊರಾಚೆ ಸಾಗಿಸುವ ಮಾತಿಗೆ ಸರ್ಕಾರ ಒಪ್ಪಿತು. ಎರಡು ವರ್ಷ ಕಳೆದು 1834ರಲ್ಲಿ, ಪಾರ್ಸಿ ವರ್ತಕ ಜಮ್ಷೆಟ್‌ಜೀ ಜೀಜೀಭಾಯ್ ಮತ್ತು ಜೈನ ವರ್ತಕ ಮೋತಿಶಾ ಸೇರಿ ಭುಲೇಶ್ವರದಲ್ಲಿ ಬಾಂಬೆ ಪಿಂಜ್ರಾಪೋಲ್ ಕಟ್ಟಿದರು. ಚೀನಾ ವ್ಯಾಪಾರದ ದುಡ್ಡು, ಅದರಲ್ಲಿ ಅಫೀಮಿನ ಪಾಲೂ ಇತ್ತು ಅನ್ನೋದನ್ನು ಮರೆಯೋದು ಬೇಡ. ಮುಂಬೈನಲ್ಲಿರುವವರು ಆ ಜಾಗವನ್ನು ಈಗಲೂ ನೋಡಬಹುದು. ಗದ್ದಲದ ಮಾರ್ಕೆಟ್ಟಿನ ನಡುವೆ ಗೇಟು, ಒಳಗೆ ಹಸುಗಳು.

1832ರಲ್ಲಿ ಗೆದ್ದವರು ಯಾರು ಅಂದರೆ ನನ್ನ ಉತ್ತರ: ಮೇಲ್ನೋಟಕ್ಕೆ ವರ್ತಕರು, ನಿಧಾನಕ್ಕೆ ಸರ್ಕಾರ. ಯಾಕೆಂದರೆ ಆ ನಿಯಮದ ಹಿಂದಿನ ವಿಂಗಡಣೆ ಉಳಿದುಕೊಂಡಿತು. ಒಡೆಯನಿರುವ ನಾಯಿ ಆಸ್ತಿ, ಒಡೆಯನಿಲ್ಲದ ನಾಯಿ ಕಸ. ನಮ್ಮಜ್ಜಿಯ ಬೀದಿಯ ನಾಯಿಗೆ, ಆರು ಮನೆಯ ನಾಯಿಗೆ, ಈ ಎರಡು ಖಾನೆಯಲ್ಲಿ ಯಾವುದರಲ್ಲೂ ಜಾಗ ಇಲ್ಲ. ಬ್ರಿಟಿಷರು ಹೋದರೂ ಖಾನೆಗಳು ಹೋಗಲಿಲ್ಲ. ಮದ್ರಾಸ್ ಕಾರ್ಪೊರೇಷನ್ 1996ರವರೆಗೂ ಬೀದಿನಾಯಿಗಳನ್ನು ಹಿಡಿದು ಕರೆಂಟು ಕೊಟ್ಟು ಕೊಲ್ಲುತ್ತಿತ್ತು. ಅಷ್ಟು ಕೊಂದೂ ನಾಯಿ ಕಡಿಮೆಯಾಗಲಿಲ್ಲ. ಅದೇ ಊರಿನ ಬ್ಲೂ ಕ್ರಾಸ್‌ನವರು 1960ರ ದಶಕದಿಂದಲೂ ಆಪರೇಷನ್ ಮಾಡಿ ಬಿಡಿ ಅಂತ ಹೇಳುತ್ತಲೇ ಬಂದಿದ್ದರು. ದೇಶಕ್ಕೆ ಆ ನಿಯಮ ಬಂದಿದ್ದು 2001ರಲ್ಲಿ. 2023ರ ಹೊಸ ನಿಯಮದಲ್ಲಿ ಬೀದಿನಾಯಿಗೆ 'ಸಮುದಾಯದ ಪ್ರಾಣಿ' ಅನ್ನೋ ಹೆಸರು ಸಿಕ್ಕಿತು, ಊಟ ಹಾಕುವ ಜಾಗ ಗುರುತಿಸುವ ಹೊಣೆ ನಿವಾಸಿಗಳ ಸಂಘದ ತಲೆಗೆ ಬಂತು. ಒಂದು ಅರ್ಥದಲ್ಲಿ ಆರು ಮನೆಯ ನಾಯಿಗೆ ಕಾನೂನು ಮತ್ತೆ ಖಾನೆ ಮಾಡಿಕೊಟ್ಟಿತು. ಆದರೆ ಎರಡು ಖಂಡುಗದ ಗದ್ದೆ ಎಲ್ಲಿ? ಗೊರವ ಯಾರು?

ಕಂಪನಿಯವರ ಭಯವನ್ನು ಹಾಸ್ಯ ಮಾಡೋದು ಸುಲಭ. 1832ರಲ್ಲಿ ರೇಬೀಸಿಗೆ ಯಾರ ಹತ್ತಿರವೂ ಮದ್ದಿರಲಿಲ್ಲ. ಪಾಶ್ಚರ್ ಲಸಿಕೆ ಕೊಟ್ಟದ್ದು 1885ರಲ್ಲಿ. ದಕ್ಷಿಣ ಭಾರತಕ್ಕೆ ಕೂನೂರಿನ ಪಾಶ್ಚರ್ ಸಂಸ್ಥೆ ಬಂದಿದ್ದು 1907ರಲ್ಲಿ. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅಂತ ನಮ್ಮನ್ನು ಚಿಕ್ಕಂದಿನಲ್ಲಿ ಹೆದರಿಸ್ತಿದ್ರಲ್ಲ, ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಲಸಿಕೆಯನ್ನು ಭಾರತ ಕೈಬಿಟ್ಟಿದ್ದು 2004ರ ಕೊನೆಯಲ್ಲಿ. ಇವತ್ತಿಗೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನ ರೇಬೀಸ್ ಸಾವುಗಳಲ್ಲಿ ಶೇ. 36ರಷ್ಟು ನಮ್ಮ ದೇಶದಲ್ಲೇ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೇ ಇಲ್ಲ ಅನ್ನಬಹುದು. ಹಿಂದಿನ ಸೀಟಿನ ಆ ಮಗು ನೆನಪಾದಾಗ ಎಂಟಾಣೆ ಕೊಟ್ಟವರ ಮೇಲೆ ನನಗೆ ಪೂರ್ತಿ ಸಿಟ್ಟು ಬರೋದಿಲ್ಲ.

ನಮ್ಮ ಮೀಟಿಂಗು ಏನಾಯ್ತು ಅಂತ ವಿಡಿಯೋ ಕೆಳಗೆ ಬಹಳ ಜನ ಕೇಳಿದ್ದೀರಿ. ನಾನು ಬಾಡಿಗೆದಾರ, ಓಟಿಲ್ಲ. ಮಾತಾಡೋಕೆ ಬಿಟ್ಟರು, ಅದೇ ದೊಡ್ಡದು. ಆತಕೂರಿನ ಕಥೆಯನ್ನು ನನ್ನ ಹರಕು ಮರಾಠಿಯಲ್ಲಿ ಹೇಳಿದೆ. ಅರ್ಧ ಜನ ಫೋನ್ ನೋಡುತ್ತಿದ್ದರು. ನಾನು ಕೇಳಿದ್ದು ಇಷ್ಟೇ: ನಾಯಿ ಇರಲಿ ಅಥವಾ ಹೋಗಲಿ, ಮೊದಲು ಯಾರದ್ದು ಅಂತ ಬರೆಯಿರಿ. ಸೊಸೈಟಿಯದ್ದು ಅಂತ ಬರೆದರೆ ಲಸಿಕೆಯ ಖರ್ಚು ಸೊಸೈಟಿಯದ್ದು, ಯಾರಿಗಾದರೂ ಕಚ್ಚಿದರೆ ಆಸ್ಪತ್ರೆಯ ಖರ್ಚೂ ಸೊಸೈಟಿಯದ್ದು. ವಾಚ್‌ಮನ್ ತಲೆಗೆ ಕಟ್ಟಬೇಡಿ. ಹುಡುಗಿಯ ಅಪ್ಪ ಎದ್ದು ನಿಂತು, 'ನಿಮ್ಮ ಮಗಳಿಗೆ ಕಚ್ಚಿದ್ದರೆ ಶಾಸನ ಓದ್ತಿದ್ರಾ?' ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಗಲಾಟೆಯೆಲ್ಲ ಮುಗಿದು ಓಟಿಗೆ ಹಾಕಿದಾಗ ನಾಯಿಯನ್ನು ಆಪರೇಷನ್ನಿಗೆ ಕಳಿಸೋದು ಅಂತಾಯಿತು, ನಾಲ್ಕು ಓಟಿನ ಅಂತರದಲ್ಲಿ. ಮೇಂಟೆನೆನ್ಸ್ ಲೆಕ್ಕದಲ್ಲಿ ಒಂದು ಹೊಸ ಸಾಲು ಸೇರಿತು. ಊಟ ಹಾಕುವ ಜಾಗವನ್ನು ಆಟದ ಮೈದಾನದಿಂದ ದೂರ, ಪಂಪ್ ಹೌಸ್ ಹಿಂದಕ್ಕೆ ಹಾಕಿದರು. ನಾಯಿ ಕೆಲವು ದಿನ ಬಿಟ್ಟು ವಾಪಸ್ ಬಂತು, ಒಂದು ಕಿವಿಯ ತುದಿ ಕತ್ತರಿಸಿತ್ತು, ಆಪರೇಷನ್ ಆಗಿದೆ ಅನ್ನೋ ಗುರುತು. ಹುಡುಗಿಗೆ 28ನೇ ದಿನದ ಕೊನೆಯ ಡೋಸಿಗೂ ನಾನೇ ಕಾರು ತೆಗೆದೆ, ಅವರಪ್ಪನೂ ಬಂದಿದ್ದರು. ದಾರಿಯಲ್ಲಿ ಇಬ್ಬರೂ ಕ್ರಿಕೆಟ್ ಬಗ್ಗೆ ಮಾತ್ರ ಮಾತಾಡಿದೆವು. ಅವಳು ಈಗಲೂ ಸ್ಕೂಲ್ ಬಸ್ಸಿಗೆ ಹಿಂದಿನ ಗೇಟಿನಿಂದಲೇ ಹೋಗುತ್ತಾಳೆ.